ಹನೋಯ್ ಗಾಡಿಯ ಹೊತ್ತು

"ಕೊಯ್ಲು ಮುಗಿದ ತಿಂಗಳೇ ಹನೋಯ್‌ಗೆ ಕರ್ಕೊಂಡು ಹೋಗ್ತೀನಿ. ಸರೋವರದ ಮುಂದೆ ನಿಂತು ಇಬ್ಬರೂ ಫೋಟೊ ತೆಗೆಸ್ಕೊಳ್ಳೋಣ," ಎಂದು ಖಾಂಗ್ ಮದುವೆಯ ದಿನ ಲುವಾಳಿಗೆ ಮಾತು ಕೊಟ್ಟಿದ್ದ. ಆ ಮದುವೆಗೆ ಫೋಟೊದವನು ಬಂದಿರಲಿಲ್ಲ. ಹಿಂದಿನ ದಿನ ಹೊಳೆ ಬಂದು ಸೇತುವೆ ಮುಳುಗಿತ್ತು. ಹೆಣ್ಣಿನ ಮುಖ ಸಣ್ಣಗಾದದ್ದನ್ನು ನೋಡಲಾರದೆ ಆಡಿದ ಮಾತು ಅದು.

ನಲವತ್ತು ವರ್ಷದ ಮೇಲೆ, ಈಗ, ಲುವಾಳ ಶವಪೆಟ್ಟಿಗೆಯ ತಲೆಗಡೆ ನಿಂತು ಅವಳ ನಾದಿನಿ ಥಾಮ್ ಒಂದು ಫೋಟೊದ ಗಾಜನ್ನು ಅಂಗಿಯ ತೋಳಿನಿಂದಲೇ ಒರೆಸುತ್ತಿದ್ದಳು. ಮಗಳು ಲಿಯೆನ್ ಅದನ್ನು ಕೈಯಿಂದ ಕಿತ್ತುಕೊಂಡಳು.

"ಇದ್ಯಾರು?"

"ಯಾರು ಅಂದ್ರೆ? ನಿಮ್ಮಮ್ಮ."

"ಮುಖ ಅಮ್ಮಂದು. ಮೈ ಯಾರದು ಅತ್ತೆ?"

ಪೇಟೆಯ ಫೋಟೊ ಅಂಗಡಿಯವನು ಲುವಾಳ ಗುರುತಿನ ಚೀಟಿಯ ಮುಖವನ್ನು ಕತ್ತರಿಸಿ, ಯಾರದೋ ಕಂದು ನಿಲುವಂಗಿಯ ಮೇಲೆ ಕೂರಿಸಿದ್ದ. ಕೊರಳಲ್ಲಿ ಎರಡೆಳೆ ಮುತ್ತಿನ ಸರ. ಮೂವತ್ತೊಂದು ವರ್ಷ ರೈಲ್ವೆ ಗೇಟು ತಳ್ಳಿದವಳ ಭುಜ ಆ ಅಂಗಿಯೊಳಗೆ ಹಿಡಿಸುವಂಥದ್ದಲ್ಲ. ಅಂಗಡಿಯವನು ಅದನ್ನೂ ಕಿರಿದು ಮಾಡಿದ್ದ.

"ಎಲ್ಲರೂ ಹೀಗೇ ಮಾಡಿಸ್ತಾರೆ," ಎಂದಳು ಥಾಮ್. "ಲಕ್ಷಣವಾಗಿದೆ. ಬಾಯಿ ಮುಚ್ಚಿಕೊಂಡಿದಾಳೆ."

"ಅಮ್ಮ ಹನೋಯ್‌ನಲ್ಲಿ ತೆಗೆಸಿದ ಫೋಟೊ ಇತ್ತಲ್ಲ. ಇದಕ್ಕೇ ಅಂತ ತೆಗೆಸಿದ್ದು. ನನ್ನ ಹತ್ರ ಎಷ್ಟು ಸಲ ಹೇಳಿದ್ದಳು, ಸತ್ತ ಮೇಲೆ ಹಿರಿಯರ ಪೀಠದ ಮೇಲೆ ಅದೇ ಇಡಬೇಕು ಅಂತ."

ಹೊರಗೆ ಚಪ್ಪರದಲ್ಲಿ ತಮಟೆಯವನು ಕೋಲು ನಿಲ್ಲಿಸಿದ. ಕುಂಬಳದ ಬೀಜ ಬಿಡಿಸುತ್ತಿದ್ದ ಹೆಂಗಸರ ಹಲ್ಲುಗಳೂ ನಿಂತವು. ಥಾಮ್ ತಲೆಗೆ ಕಟ್ಟಿದ ಬಿಳಿ ಪಟ್ಟಿಯನ್ನು ಬಿಗಿ ಮಾಡಿಕೊಂಡಳು.

"ಕೇಳು ಲಿಯೆನ್. ಆ ಪೀಠದ ಮೇಲೆ ನಮ್ಮಮ್ಮ ಇದಾಳೆ. ಅವಳ ತಿಥಿಯ ದಿನ ಈ ಮನೇಲಿ ಒಲೆ ಹತ್ತಲಿಲ್ಲ. ಯಾಕೆ? ಹಿರೀ ಸೊಸೆ ಹನೋಯ್‌ನಲ್ಲಿ ಹಲ್ಲು ಕಿರಿದು ನಿಲ್ಲೋಕೆ ಗಾಡಿ ಹತ್ತಿದ್ದಳು. ಅದೇ ದಿನ, ಅದೇ ಹೊತ್ತು! ಆ ನಗುವನ್ನ ತಂದು ನಮ್ಮಮ್ಮನ ಪಕ್ಕ ಇಡ್ತೀಯಾ? ದಿನಾ ಬೆಳಗಾದ್ರೆ ನಮ್ಮಮ್ಮ ಅದನ್ನ ನೋಡ್ತಾ ಕೂತಿರಬೇಕಾ?"

"ಅಜ್ಜಿಗೆ ಇಪ್ಪತ್ತೊಂದು ವರ್ಷ ಅಡುಗೆ ಮಾಡಿ ಬಡಿಸಿದ್ದು ಯಾರು? ನೀವಾ?"

"ಬಡಿಸಿದ್ದಕ್ಕೆ ಚೀಟಿ ಬರೆದು ಕೊಡ್ಲಾ?"

ಲಿಯೆನ್ ಮೂಲೆಯತ್ತ ತಿರುಗಿದಳು. ಅಲ್ಲಿ ಖಾಂಗ್ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಅಂಗೈ ಇಟ್ಟುಕೊಂಡು, ಯಾರದೋ ಮನೆಗೆ ಬಂದವನ ಹಾಗೆ ಕುಳಿತಿದ್ದ.

"ಅಪ್ಪಾ, ಆ ಫೋಟೊ ಎಲ್ಲಿ?"

ಖಾಂಗ್ ತಂಗಿಯ ಮುಖ ನೋಡಿದ.

"ಅವರನ್ನೇನು ನೋಡ್ತೀಯ? ನಾನು ಕೇಳ್ತಿರೋದು."

"ಇಲ್ಲಮ್ಮ ಅದು. ಅವತ್ತೇ ಸುಟ್ಟುಬಿಟ್ಟೆ."

ಚಪ್ಪರದಲ್ಲಿ ಯಾರೋ, "ಪಾಪ, ಹನೋಯ್ ರಾಣಿ," ಎಂದು ಮೆಲ್ಲಗೆ ಅಂದರು. ಎಂಟು ವರ್ಷದ ಹಿಂದೆ ಥಾಮ್ ಇಟ್ಟ ಹೆಸರು ಅದು. ಆಮೇಲೆ ಅತ್ತಿಗೆ ಅಂತ ಅವಳು ಕರೆದೇ ಇರಲಿಲ್ಲ. ಕರೆಯಬೇಕಾಗಿ ಬಂದಾಗ, "ರಾಣಿಯವರಿಗೆ ಹೇಳಿ, ಅವರ ಕೋಳಿ ನಮ್ಮ ಗದ್ದೆಗೆ ಬಂದಿದೆ," ಎನ್ನುತ್ತಿದ್ದಳು.

"ಹೆಣದ ಮುಂದೆ ಈ ಫೋಟೊ ನೀನು ಹಿಡೀದಿದ್ರೆ ನನ್ನ ಮಗ ಹಿಡೀತಾನೆ," ಎಂದಳು ಥಾಮ್. "ಒಂಬತ್ತಕ್ಕೆ ಹೆಣ ಎದ್ದುಬಿಡಬೇಕು. ಹತ್ತರೊಳಗೆ ಮಣ್ಣಿಗಿಳೀಬೇಕು. ಪೂಜಾರಿ ಇಟ್ಟ ಹೊತ್ತು. ನಿಂತ್ಕೊಂಡು ವಾದ ಮಾಡೋಕೆ ಇದು ನಿನ್ನ ಹೊಲಿಗೆ ಕಾರ್ಖಾನೆ ಅಲ್ಲ."

ಲಿಯೆನ್ ಮುತ್ತಿನ ಸರದ ಆ ಹೆಂಗಸನ್ನು ಎದೆಗೆ ಆನಿಸಿಕೊಂಡಳು. ಬೇರೆಯವನ ಕೈಗೆ ಕೊಡುವುದಕ್ಕಿಂತ ಅದೇ ವಾಸಿ ಅನ್ನಿಸಿತು.

*

ಲುವಾಳಿಗೆ ಐವತ್ತೈದು ತುಂಬಿದಾಗ ರೈಲ್ವೆಯ ಸಂಘದವರು ನಿವೃತ್ತರಿಗೆಂದು ಮೂರು ದಿನದ ಹನೋಯ್ ಪ್ರವಾಸ ಇಟ್ಟಿದ್ದರು. ಗಂಡನನ್ನೂ ಕರೆತರಬಹುದು. ತಾರೀಕು ಗೋಡೆಯ ಕ್ಯಾಲೆಂಡರಿನದು. ಅತ್ತೆಯ ತಿಥಿ ಚಂದ್ರನ ಲೆಕ್ಕದ್ದು. ಎರಡನ್ನೂ ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಥಾಮ್ ಬಂದು, "ತಿಥಿಗೆ ಕೋಳಿ ಎಷ್ಟು ಹಿಡಿಸ್ಲಿ?" ಎಂದು ಕೇಳಿದಾಗಲೇ ಗೊತ್ತಾದದ್ದು.

"ಮುಂದಿನ ವರ್ಷ ಹೋದ್ರಾಯ್ತು," ಎಂದ ಖಾಂಗ್.

"ಮುಂದಿನ ವರ್ಷ ನಾನು ಬರೀ ಹಳೇ ನೌಕರಿಯವಳು. ಕರೆಯಲ್ಲ," ಎಂದಳು ಲುವಾ. "ಕೋಳಿ ಬೇಯ್ಸಿ, ಅನ್ನ ಮಾಡಿ, ಹಿಂದಿನ ದಿನವೇ ಎಲ್ಲಾ ಜೋಡಿಸಿಟ್ಟು ಹೋಗ್ತೀನಿ. ಥಾಮ್ ಬಿಸಿ ಮಾಡಿ ಪೀಠಕ್ಕೆ ಇಡಲಿ. ಅವಳಿಗೂ ಅಮ್ಮನೇ ತಾನೇ?"

ಹಾಗೇ ಮಾಡಿದಳು. ಬೆಳಿಗ್ಗೆ ಇಬ್ಬರೂ ಸ್ಟೇಷನ್ನಿಗೆ ಹೋದರು. ಗಾಡಿ ಹತ್ತಿ, ಕಿಟಕಿ ಪಕ್ಕ ಕೂತು, ಚೀಲವನ್ನು ಮೇಲಿಟ್ಟರು. ಆಗ ಥಾಮ್ ಪ್ಲಾಟ್‌ಫಾರಮ್ಮಿಗೆ ಬಂದಳು. ಕೂಗಾಡಲಿಲ್ಲ. ಎಲ್ಲರೂ ಕಾಣುವ ಹಾಗೆ ಸಿಮೆಂಟಿನ ನೆಲದ ಮೇಲೆ ಕೂತು, ತಿಥಿಗೆ ಮಾತ್ರ ಕಟ್ಟುವ ಬಿಳಿ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡಳು.

ಖಾಂಗ್ ಎದ್ದ.

"ಕೂತ್ಕೊಳ್ಳಿ," ಎಂದಳು ಲುವಾ.

"ಒಂದು ಮಾತಾಡಿ ಬರ್ತೀನಿ."

"ಗಾಡಿ ಎರಡು ನಿಮಿಷ ನಿಲ್ಲೋದು. ನನಗೆ ಹೇಳಬೇಡಿ ಗಾಡಿ ವಿಷಯ."

ಅವನು ಇಳಿದ. ಕೈಯಲ್ಲಿ ಚಹಾದ ಫ್ಲಾಸ್ಕ್ ಇತ್ತು. ಅದನ್ನು ಇಟ್ಟು ಹೋಗಬೇಕೆಂದು ಕೂಡ ಹೊಳೆಯಲಿಲ್ಲ. ಗಾಡಿ ಅಲುಗಿತು. "ಇಳಿ ಲುವಾ, ಇಳಿದುಬಿಡು," ಎಂದು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಬಂದ. ಲುವಾ ಕಿಟಕಿಯ ಗಾಜು ಎಳೆದು ಮುಚ್ಚಿದಳು.

ಹತ್ತು ನಿಮಿಷದಲ್ಲಿ ಗಾಡಿ ಅವಳದೇ ಗೇಟನ್ನು ದಾಟಿತು. ಅವಳ ಜಾಗಕ್ಕೆ ಹೊಸದಾಗಿ ಬಂದ ಫುಂಗ್ ಸುತ್ತಿದ ಹಳದಿ ಬಾವುಟ ಹಿಡಿದು ನಿಂತಿದ್ದಳು. ಗೇಟನ್ನು ಗಾಡಿಯ ಒಳಗಿಂದ ಲುವಾ ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕದು ಅನ್ನಿಸಿತು. ಕಣ್ಣು ಮಿಟುಕಿಸಿದರೆ ಇಲ್ಲ.

*

ಹನೋಯ್‌ನಲ್ಲಿ ಅವಳು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕಲ್ಲಿನ ಆಮೆಗಳ ದೇಗುಲ ನೋಡಿದಳು, ಇದ್ದಿಲ ಮೇಲೆ ಸುಟ್ಟ ಹಂದಿಮಾಂಸದ ಜೊತೆ ಶಾವಿಗೆ ತಿಂದು ಸಿಹಿ ಜಾಸ್ತಿ ಎಂದಳು. ಎರಡನೆಯ ಮಧ್ಯಾಹ್ನ ಮಿಕ್ಕವರು ಅರಮನೆಯ ಕೋಟೆಗೆ ಹೊರಟಾಗ ಅವಳು ತಪ್ಪಿಸಿಕೊಂಡು ದೊಡ್ಡ ರಸ್ತೆಯ ರೈಲ್ವೆ ಗೇಟಿಗೆ ಹೋದಳು. ಅಲ್ಲಿ ಸಾವಿರ ಸ್ಕೂಟರುಗಳು ಹೊಗೆ ಉಗುಳುತ್ತಾ ನಿಂತಿದ್ದವು. ಗೇಟು ತಾನೇ ಉರುಳಿಕೊಂಡು ಬರುತ್ತಿತ್ತು.

"ಬಾವುಟ ಎಡಗೈಲಿ ಹಿಡಿದಿದೀಯಲ್ಲಮ್ಮ," ಎಂದಳು ಅಲ್ಲಿಯ ಹುಡುಗಿಗೆ.

"ನೀವ್ಯಾರಜ್ಜಿ?"

"ನಾನಾ? ನಿನ್ನ ಗಾಡಿಗಳನ್ನ ಮೂವತ್ತೊಂದು ವರ್ಷ ಇತ್ತ ಕಳಿಸ್ತಿದ್ದವಳು."

ಇಬ್ಬರೂ ಗೇಟಿನವರ ಗೂಡಿನ ಮುಂದೆ ಕೂತು ಹಸಿರು ಚಹಾ ಕುಡಿದರು. ಸಂಜೆ ಸರೋವರದ ದಂಡೆಗೆ ಬಂದಳು. ಅಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಅಲೆಯುತ್ತಿದ್ದ ಮುದುಕನೊಬ್ಬನನ್ನು ನಿಲ್ಲಿಸಿದಳು.

"ಪೀಠದ ಮೇಲೆ ಇಡೋದಕ್ಕೆ. ನೇರವಾಗಿ ತೆಗೀರಿ."

"ಹಾಗಾದ್ರೆ ಬಾಯಿ ಮುಚ್ಕೊಳ್ಳಮ್ಮ. ಜೊತೆಗೆ ಯಜಮಾನರು ಬಂದಿಲ್ವಾ?"

"ಬಂದಿದ್ರೆ ನಾನು ಹೀಗೆ ನಗ್ತಿದ್ನಾ?"

ಮುದುಕ ಆಗಲೇ ಗುಂಡಿ ಒತ್ತಿದ. ಹಿಂದೆ ಕೆಂಪು ಸೇತುವೆ, ನೇರಳೆ ನಿಲುವಂಗಿ, ಎಡಗಡೆ ಒಂದು ಹಲ್ಲಿಲ್ಲ. ಬಾಯಿ ಪೂರ್ತಿ ತೆರೆದಿದೆ.

ಅವಳು ಊರಿಗೆ ಬಂದಾಗ ಥಾಮ್ ತಂದಿಟ್ಟ ತಿಥಿಯ ತಟ್ಟೆ ಹೊಸ್ತಿಲ ಮೇಲೆ ಹಾಗೇ ಇತ್ತು. ಯಾರೂ ಬಿಸಿ ಮಾಡಿರಲಿಲ್ಲ, ಪೀಠಕ್ಕೂ ಇಟ್ಟಿರಲಿಲ್ಲ. ಕೋಳಿಯ ಮೇಲೆ ಇರುವೆ. ಅನ್ನ ಹಳಸಿ ನೀರು ಬಿಟ್ಟಿತ್ತು. ಖಾಂಗ್ ಒಳಗಿದ್ದ. ಮೂರು ದಿನ ಅದನ್ನು ದಾಟಿಕೊಂಡೇ ಓಡಾಡಿದ್ದ. ಲುವಾ ತಟ್ಟೆಯನ್ನು ತೆಗೆದುಕೊಂಡು ಹೋಗಿ ಬಾವಿಕಟ್ಟೆಯಲ್ಲಿ ತೊಳೆದಳು.

*

ಒಂಬತ್ತಕ್ಕೆ ಸರಿಯಾಗಿ ಹೆಣ ಎದ್ದಿತು. ಮುಂದೆ ಫೋಟೊ ಹಿಡಿದ ಲಿಯೆನ್, ಹಿಂದೆ ಹೆಗಲು ಕೊಟ್ಟ ಎಂಟು ಜನ, ಅವರ ಹಿಂದೆ ಚಿನ್ನದ ಕಾಗದ ಎರಚುತ್ತಾ ಥಾಮ್. ಹೆಂಡತಿಯ ಹೆಣದ ಜೊತೆ ಗಂಡ ಸ್ಮಶಾನಕ್ಕೆ ಹೋಗುವ ರೂಢಿ ಆ ಊರಲ್ಲಿಲ್ಲ. ರೈಲ್ವೆ ಗೇಟಿನವರೆಗೆ ಬಂದು ಹಿಂತಿರುಗಬೇಕು. ಖಾಂಗ್ ಎಲ್ಲರಿಗಿಂತ ಹಿಂದೆ ಬರುತ್ತಿದ್ದ.

ಗೇಟು ಇನ್ನು ಐವತ್ತು ಹೆಜ್ಜೆ ಇರುವಾಗ ಗಂಟೆ ಬಾರಿಸಿತು. ಫುಂಗ್ ಗೂಡಿನಿಂದ ಹೊರಬಂದು ಗೇಟನ್ನು ತಳ್ಳಿಕೊಂಡು ಹೋಗಿ ದಾರಿಗೆ ಅಡ್ಡ ಹಾಕಿದಳು. ಒಂಬತ್ತು ಗಂಟೆ ಹನ್ನೆರಡು ನಿಮಿಷದ ಹನೋಯ್ ಗಾಡಿ. ಹೊತ್ತು ಇಟ್ಟ ಪೂಜಾರಿಗೆ ಅದು ಹೊಳೆಯಲಿಲ್ಲ, ಮನೆಯವರಿಗೂ ಹೊಳೆಯಲಿಲ್ಲ. ಈ ಊರಲ್ಲಿ ಯಾರು ಎಲ್ಲಿಗೆ ಹೊರಟರೂ ಗಾಡಿಯ ಹೊತ್ತನ್ನು ಲುವಾಳನ್ನೇ ಕೇಳುತ್ತಿದ್ದರು. ಅವಳು ಪೆಟ್ಟಿಗೆಯೊಳಗಿದ್ದಳು.

"ತೆಗೀ ಗೇಟು!" ಥಾಮ್ ಮುಂದೆ ಓಡಿ ಬಂದಳು. "ಹೆಣ ದಾರೀಲಿ ನಿಲ್ಲಬಾರದು. ಗಾಡಿ ಇನ್ನೂ ಕಾಣ್ತಾನೇ ಇಲ್ಲ."

"ಆಗಲ್ಲಮ್ಮ."

"ನಿಮ್ಮ ಲುವಾ ಅಕ್ಕನ ಹೆಣ ಕಣೇ ಇದು!"

"ಗೊತ್ತು. ಅವರೇ ಹೇಳಿಕೊಟ್ಟಿದ್ದು. ಸ್ವಂತ ತಾಯಿ ಹೆಣ ಬಂದ್ರೂ ಗೇಟು ತೆಗೀಬೇಡ ಅಂತ."

"ಬದುಕಿದ್ದಾಗಲೂ ಅಡ್ಡ ನಿಂತಳು, ಸತ್ತ ಮೇಲೂ ಅಡ್ಡ ನಿಂತಳು," ಎಂದು ಥಾಮ್ ಗೇಟಿಗೆ ಕಾಲಲ್ಲಿ ಒದ್ದಳು. ಎಂಟು ಜನ ಪೆಟ್ಟಿಗೆಯನ್ನು ಜೊತೆಗೆ ತಂದಿದ್ದ ಕುರ್ಚಿಗಳ ಮೇಲಿಳಿಸಿ ಬೆವರು ಒರೆಸಿಕೊಂಡರು. ಒಬ್ಬ ನಗು ತಡೆಯಲಾರದೆ ತಿರುಗಿ ನಿಂತ.

ಲಿಯೆನ್ ನೆರಳಿಗೆಂದು ಗೂಡಿನ ಬಾಗಿಲಿಗೆ ಸರಿದಳು. ಒಳಗೆ ಫೋನು, ಮಣೆ, ಕೆಂಪು ಬಾವುಟ, ಗಾಡಿಗಳ ಹೊತ್ತಿನ ಪಟ್ಟಿ. ಪಟ್ಟಿಯ ಪಕ್ಕದ ಮೊಳೆಯಲ್ಲಿ ಅವಳಮ್ಮ ನಗುತ್ತಿದ್ದಳು. ಹಿಂದೆ ಕೆಂಪು ಸೇತುವೆ.

"ಇದು ಇಲ್ಲಿ...?"

"ಎಂಟು ವರ್ಷದಿಂದ ಇಲ್ಲೇ ಇದೆ," ಎಂದಳು ಫುಂಗ್, ಹಳಿಯ ಮೇಲಿಂದ ಕಣ್ಣು ತೆಗೆಯದೆ. "ಮನೇಲಿ ಜಾಗ ಇಲ್ಲ ಅಂತ ಅಕ್ಕ ತಂದುಕೊಟ್ಟರು. ಖಾಂಗ್ ಅಣ್ಣನೂ ಜೊತೇಲಿ ಬಂದಿದ್ರು. ಮೊಳೆ ಹೊಡೆದಿದ್ದು ಅವರೇ."

ಲಿಯೆನ್ ತಂದೆಯನ್ನು ನೋಡಿದಳು. ಥಾಮ್ ಕೂಡ ನೋಡಿದಳು.

"ಸುಟ್ಟೆ ಅಂದಿದ್ದೆಯಲ್ಲಣ್ಣ? ನಮ್ಮಮ್ಮನ ಪೀಠದ ಮುಂದೆ ನಿಂತು ಅಂದಿದ್ದೆ!"

"ನನಗೂ ಅಂದೆ," ಎಂದಳು ಲಿಯೆನ್. "ಇವತ್ತು. ಎರಡು ಗಂಟೆ ಹಿಂದೆ."

ಖಾಂಗ್‌ನ ತುಟಿ ಅಲ್ಲಾಡಿತು. ಅಷ್ಟರಲ್ಲಿ ಗಾಡಿ ಬಂತು. ಫುಂಗ್ ಬಲಗೈಯಲ್ಲಿ ಬಾವುಟ ಎತ್ತಿ, ಮೊಣಕೈ ಸೆಟೆದು ನಿಂತಳು. ಒಂದರ ಹಿಂದೊಂದು ಬೋಗಿಗಳು ಹೋದವು. ಕಿಟಕಿಗಳಲ್ಲಿ ಮುಖಗಳು, ನೂಡಲ್ ಬಟ್ಟಲುಗಳು, ಗಾಜಿಗೆ ಅಂಟಿದ ಮಗುವಿನ ಅಂಗೈ. ಅವನು ಏನಂದನೋ ಯಾರಿಗೂ ಕೇಳಿಸಲಿಲ್ಲ. ಗಾಡಿ ಹೋದ ಮೇಲೆ ಅವನು ಅದನ್ನು ಮತ್ತೆ ಹೇಳಲಿಲ್ಲ.

ಲಿಯೆನ್ ಮೊಳೆಯಿಂದ ಫೋಟೊ ಇಳಿಸಿದಳು. ಥಾಮ್ ಚೌಕಟ್ಟಿನ ಇನ್ನೊಂದು ತುದಿಯನ್ನು ಹಿಡಿದಳು.

"ಬಿಡಿ ಅತ್ತೆ."

"ಪೀಠಕ್ಕೆ ಇದನ್ನ ತಂದ್ರೆ ನಾನು ಈ ಮನೆಗೆ ಕಾಲಿಡಲ್ಲ."

"ಇಡಬೇಡಿ."

ಥಾಮ್‌ಳ ಕೈ ಸಡಿಲವಾಯಿತು. ಅವಳು ಅಣ್ಣನ ಕಡೆ ನೋಡಿದಳು, ಎಂದಿನ ಹಾಗೆ. ಈ ಸಲ ಅವನು ನೆಲ ನೋಡುತ್ತಿದ್ದ.

ಲಿಯೆನ್ ಮುತ್ತಿನ ಸರದ ಫೋಟೊವನ್ನು ತಂದೆಯ ಕೈಗೆ ತುರುಕಿದಳು. "ಇದನ್ನ ನೀನಿಟ್ಕೊ. ಇವಳು ನೀನು ಹೇಳಿದ ಹಾಗೆ ಕೇಳ್ತಾಳೆ."

ಫುಂಗ್ ಗೇಟು ತಳ್ಳಿ ತೆರೆದಳು. ಪೆಟ್ಟಿಗೆ ಎದ್ದಿತು, ತಮಟೆ ಶುರುವಾಯಿತು. ಹಲ್ಲಿಲ್ಲದ ಆ ನಗು ಎಲ್ಲರಿಗಿಂತ ಮುಂದೆ ಹಳಿ ದಾಟಿ ಹೋಯಿತು. ಅದರ ಹಿಂದೆ ಹೆಣ, ಹೆಣದ ಹಿಂದೆ ಕಾಗದ ಎರಚುವುದನ್ನು ಮರೆತ ಥಾಮ್.

ಖಾಂಗ್ ಗೇಟಿನ ಈಚೆ ನಿಂತ. ಕೈಯಲ್ಲಿ ಕಂದು ಅಂಗಿಯ ಯಾವಳೋ ಹೆಂಗಸು ಬಾಯಿ ಮುಚ್ಚಿಕೊಂಡಿದ್ದಳು. ಹಳಿಗಳು ಇನ್ನೂ ಸಣ್ಣಗೆ ಸದ್ದು ಮಾಡುತ್ತಿದ್ದವು.

ಹನೋಯ್‌ಗೆ ಕರೆದುಕೊಂಡು ಹೋಗುತ್ತೇನೆಂದು ಅವನು ಮಾತು ಕೊಟ್ಟಿದ್ದ. ಕರೆದುಕೊಂಡು ಹೋಗಲಿಲ್ಲ.