ಅಂಟಿನಲ್ಲಿ ಬೆರೆಸಿದ ಇಲಿ ಪಾಷಾಣ

ಪುಸ್ತಕಗಳಿಗೆ ರಟ್ಟು ಹಾಕಿ ಬೈಂಡು ಮಾಡುವವನಾದ್ದರಿಂದ ಬೀದಿಗೆಲ್ಲ ಅವನು ರಟ್ಟಣ್ಣ. ಅರವತ್ತು ದಾಟಿದ ಆಸಾಮಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಒಂದು ಗೋಡೆಗೆ ಕಾಗದದ ಕಟ್ಟು, ಇನ್ನೊಂದಕ್ಕೆ ರಟ್ಟಿನ ರಾಶಿ, ಮೂಲೆಯಲ್ಲಿ ಅಂಟಿನ ಬೋಗುಣಿ. ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟು ಅದು. ಮೂರು ದಿನಕ್ಕಾಗುವಷ್ಟನ್ನು ಒಮ್ಮೆಗೇ ಕುದಿಸಿ, ಮುಚ್ಚಳವಿಲ್ಲದೆ ಇಡುತ್ತಿದ್ದ. ನಮಗೆ ಅದು ಅಂಟು, ಇಲಿಗೆ ಊಟ. ಊಟ ಬಡಿಸಿಟ್ಟು ಕರೆದರೆ ಬಾರದಿರಲು ಇಲಿಗೇನು ಬಿಗುಮಾನವೇ?

ಬಂದವು. ಮೊದಲು ಬೋಗುಣಿಯ ಅಂಚು ನೆಕ್ಕಿದವು. ಆಮೇಲೆ ಅಂಟು ಮೆತ್ತಿದ ಪುಸ್ತಕಗಳ ಬೆನ್ನಿಗೇ ಬಾಯಿ ಹಾಕಿದವು. ಶಾಲೆಯ ಗ್ರಂಥಾಲಯದಿಂದ ಮುನ್ನೂರು ಹಳೆಯ ಪುಸ್ತಕಗಳು ಬೈಂಡಿಗೆ ಬಂದಿದ್ದವು. ಒಂದು ಬೆಳಿಗ್ಗೆ ನೋಡಿದರೆ, ಮುಗಿಸಿಟ್ಟ ಹನ್ನೊಂದು ಪುಸ್ತಕಗಳ ಬೆನ್ನು ಚಿಂದಿಯಾಗಿತ್ತು.

ಪುಸ್ತಕ ಹೊಲಿಯುವುದು ಸೊಸೆಯ ಕೆಲಸ. ಮದುವೆಯಾಗಿ ಬಂದ ವರ್ಷವೇ ಮಾವನಿಂದ ಕಲಿತವಳು ಈಗ ಮಾವನನ್ನೇ ಮೀರಿಸಿದ್ದಳು. ಐದು ತಿಂಗಳ ಬಸುರಿ. ಮಗ ಬಸ್ಸು ಓಡಿಸುವವನು, ಹಗಲೆಲ್ಲ ಹೊರಗೆ. ಹೆಂಡತಿ ತೀರಿಕೊಂಡ ಮೇಲೆ ರಟ್ಟಣ್ಣನಿಗೆ ಮಾತಿಗೂ ಜಗಳಕ್ಕೂ ನಗುವಿಗೂ ಈ ಸೊಸೆಯೇ. ಅವಳೆಂದರೆ ಅವನಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ.

ಹದಿನೈದು ದಿನಕ್ಕೊಮ್ಮೆ ಸೊಸೆಯ ತೂಕ ನೋಡಲು ಆರೋಗ್ಯ ಕೇಂದ್ರದ ಅಕ್ಕ ಬರುತ್ತಿದ್ದಳು. ಅವತ್ತು ಬಂದವಳ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲಿನ ಕಪ್ಪು ಹಿಕ್ಕೆಗಳ ಮೇಲೆ.

"ಏನ್ ರಟ್ಟಣ್ಣ, ಮನೇನೋ ಇಲಿಗಳ ಛತ್ರಾನೋ?"

"ಒಂದು ಬೆಕ್ಕು ತಂದ್ರೆ ಆಯ್ತು ಬಿಡಕ್ಕ."

"ಬೆಕ್ಕು ಒಂದನ್ನ ಹಿಡಿಯೋಷ್ಟ್ರಲ್ಲಿ ಇನ್ನೊಂದು ಆರು ಮರಿ ಹಾಕಿರುತ್ತೆ. ಮೊದ್ಲು ಊಟ ನಿಲ್ಸಿ. ಆ ಅಂಟಿಗೆ ಬಿಗಿ ಮುಚ್ಚಳದ ತಗಡಿನ ಡಬ್ಬ ತನ್ನಿ. ಅಡಿಗೆಮನೆ ಕಾಳು, ಹಿಟ್ಟಿಗೂ ಅಷ್ಟೇ. ಆಮೇಲೆ ಬಾಗಿಲು ಮುಚ್ಚಿ."

"ದಿನಾ ಬಾಗಿಲು ಹಾಕ್ಕೊಂಡೇ ಮಲಗ್ತೀವಲ್ಲ!"

"ನಿಮ್ ಬಾಗಿಲಲ್ಲಣ್ಣ, ಅದರ ಬಾಗಿಲು." ಅಕ್ಕ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಬಗ್ಗಿ, ಕೊಳವೆಯ ಪಕ್ಕದ ತೂತಿಗೆ ಪೆನ್ಸಿಲ್ ತೂರಿಸಿ ತೋರಿಸಿದಳು. "ಪೆನ್ಸಿಲ್ ಹೋಗೋ ಕಡೆ ಸಣ್ಣಿಲೀನೂ ಹೋಗುತ್ತೆ. ಪಾತ್ರೆ ಉಜ್ಜೋ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟ್ ಬಳೀರಿ. ಒಳಗೆ ಉಳ್ಕೊಂಡಿರೋವಕ್ಕೆ ಗೋಡೆ ಬುಡದಲ್ಲೇ ಬೋನಿಡಿ. ಇಲಿ ನಡುಮನೇಲಿ ಮೆರವಣಿಗೆ ಹೋಗಲ್ಲ, ಗೋಡೆ ಸವರ್ಕೊಂಡೇ ಓಡೋದು."

"ಇಷ್ಟೆಲ್ಲ ಯಾಕೆ? ಪಾಷಾಣ ಇಟ್ರೆ ಒಂದೇ ಏಟಿಗೆ ಮುಗೀತು."

"ಬಸುರಿ ಹೆಂಗಸು ಕೂತು ಕೆಲ್ಸ ಮಾಡೋ ಮನೇಲಿ ಪಾಷಾಣದ ಮಾತೇ ಎತ್ತಬೇಡಿ."

ಸೊಸೆ ಸೂಜಿ ನಿಲ್ಲಿಸಿ ದೂರಿದಳು. "ನಾನೂ ಡಬ್ಬ ತನ್ನಿ ಅಂತ ಬಡ್ಕೊಂಡೆ ಅಕ್ಕ. ಮುಚ್ಚಿಟ್ರೆ ಅಂಟು ಬೆವರುತ್ತೆ ಅಂತಾರೆ."

"ಬೆವರುತ್ತೆ ಕಣೇ! ನಲವತ್ತು ವರ್ಷದಿಂದ ಕುದಿಸ್ತಿದೀನಿ, ನನಗೆ ಗೊತ್ತಿಲ್ವಾ? ಈ ಶಾಲೆ ಕೆಲ್ಸ ಮುಗೀಲಿ, ಡಬ್ಬ, ಸಿಮೆಂಟು ಎಲ್ಲ ನೋಡೋಣ."

'ನೋಡೋಣ' ಎಂದರೆ ಆ ಮನೆಯಲ್ಲಿ 'ಇಲ್ಲ' ಎಂದೇ ಅರ್ಥ. ಅಕ್ಕನ ಮಾತನ್ನು ರಟ್ಟಣ್ಣ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಅವನಿಗೆ ಕೆಲಸ ಕಲಿಸಿದವರು, ಪುಸ್ತಕಕ್ಕೆ ಹುಳ ಹಿಡಿಯದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಹುಳಕ್ಕೆ ಮೈಲುತುತ್ತವಾದರೆ, ಇಲಿಗೆ ಇಲಿ ಪಾಷಾಣ ಏಕಾಗಬಾರದು? ಅಂಟು ತಿಂದರೂ ಸಾಯಲಿ, ಪುಸ್ತಕ ತಿಂದರೂ ಸಾಯಲಿ. ಇಂಥ ಉಪಾಯ ಬೈಂಡು ಮಾಡುವವನಿಗಲ್ಲದೆ ಇನ್ನಾರಿಗೂ ಹೊಳೆಯದು. ಅವನಿಗೂ ಹೊಳೆಯದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂಗಡಿಯಿಂದ ಪೊಟ್ಟಣ ತಂದು, ಅಂಟು ಆರಿದ ಮೇಲೆ ಕದಡಿಬಿಟ್ಟ. ಯಾರಿಗೂ ಹೇಳಲಿಲ್ಲ. ಹೇಳಿದರೆ ಸೊಸೆ ಸೂಜಿ ಕೆಳಗಿಡುತ್ತಾಳೆ, ಕೆಲಸ ನಿಲ್ಲುತ್ತದೆ. ಇನ್ನೊಂದು ಕೆಲಸವನ್ನೂ ಮಾಡಿದ. ಹಾಳೆ ಎತ್ತುವಾಗ ಬೆರಳನ್ನು ನಾಲಿಗೆಗೆ ಮುಟ್ಟಿಸುವುದು ಈ ಕಸುಬಿನವರಿಗೆಲ್ಲ ಅಭ್ಯಾಸ. ಅಂದಿನಿಂದ ರಟ್ಟಣ್ಣ ಬೆರಳು ಅದ್ದಲು ಪಕ್ಕದಲ್ಲೊಂದು ನೀರಿನ ಬಟ್ಟಲು ಇಟ್ಟುಕೊಂಡ. ತನಗೆ ಮಾತ್ರ.

"ಇದೇನು ಮಾವ, ಹೊಸ ನಾಜೂಕು?" ಎಂದು ಸೊಸೆ ನಕ್ಕಳು.

"ವಯಸ್ಸಾಯ್ತಲ್ಲಮ್ಮ, ನಾಲಿಗೆ ಒಣಗುತ್ತೆ."

ಅವಳು ಹಾಳೆಯ ಅಂಚಿಗೆ ಅಂಟು ಸವರಿದ ಬೆರಳಲ್ಲೇ ದಾರ ಹಿಡಿದು, ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಗೆ ಪೋಣಿಸುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ! ಅವನು ನೋಡುತ್ತಿದ್ದ. ಇಷ್ಟರಲ್ಲಿ ಏನು ಮಹಾ ಆಗುತ್ತದೆ ಎಂದುಕೊಂಡು ಮತ್ತೆ ರಟ್ಟು ಕತ್ತರಿಸುತ್ತಿದ್ದ.

ವಾರದೊಳಗೆ ಇಲಿಗಳು ಸತ್ತವು. ಕೆಲವು ಎದುರಿಗೆ ಸಿಕ್ಕವು, ಅವನ್ನು ಸೊಸೆ ಏಳುವ ಮೊದಲೇ ಎತ್ತಿ ಎಸೆದ. ಕೆಲವು ರಟ್ಟಿನ ಹಿಂದೆ ಕೊಳೆತು ನಾರಿದವು. ತೂತು ಮಾತ್ರ ತೆರೆದೇ ಇತ್ತು. ಸತ್ತವುಗಳ ಜಾಗಕ್ಕೆ ಹೊಸವು ಬಂದವು. ರಟ್ಟಣ್ಣ ಇನ್ನೊಂದು ಪೊಟ್ಟಣ ಬೆರೆಸಿದ.

ಮೂರನೆಯ ವಾರ ಹಲ್ಲುಜ್ಜುವಾಗ ಸೊಸೆಯ ಒಸಡಿನಲ್ಲಿ ರಕ್ತ ಕಾಣಿಸಿತು. ತೋಳು ಮೇಜಿಗೆ ತಗುಲಿದ್ದೇ ನೆಪ, ಅಂಗೈಯಗಲ ಕಂದಿಹೋಯಿತು. "ಬಸುರೀಲಿ ಇದೆಲ್ಲ ಇದ್ದದ್ದೇ" ಎಂದ ಮಾವ. ಎರಡು ದಿನ ಕಳೆದು ಮೂಗಿನಿಂದ ರಕ್ತ ಇಳಿಯತೊಡಗಿತು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನವಾದರೂ ನಿಲ್ಲದಾಗ ರಟ್ಟಣ್ಣ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಮಗ ಬಸ್ಸು ಬೇರೆಯವರಿಗೆ ಒಪ್ಪಿಸಿ ಆಸ್ಪತ್ರೆಗೆ ಓಡಿ ಬಂದ.

"ರಕ್ತ ಹೆಪ್ಪುಗಟ್ತಾ ಇಲ್ಲ. ಯಾಕೆ ಅಂತ ಗೊತ್ತಾಗ್ಬೇಕು, ಪರೀಕ್ಷೆಗೆ ಕಳ್ಸಿದೀವಿ" ಎಂದರು ಡಾಕ್ಟರಮ್ಮ. "ಏನಾದ್ರೂ ಮಾತ್ರೆ ತಗೋತಿದ್ರಾ? ಮನೇಲಿ ಇಲಿ ಪಾಷಾಣ ಗಿಷಾಣ ಇಟ್ಟಿದ್ರಾ?"

"ಇಲ್ಲ ಡಾಕ್ಟ್ರೇ. ನಮ್ಮನೇಲಿ ಅದೆಲ್ಲ ಇಡಲ್ಲ." ಸೊಸೆ ಮೂಗಿಗೆ ಬಟ್ಟೆ ಒತ್ತಿಕೊಂಡೇ ಮಾವನ ಕಡೆ ತಿರುಗಿದಳು. "ಅಲ್ವಾ ಮಾವ?"

ರಟ್ಟಣ್ಣ ಕತ್ತು ತಿರುಗಿಸಿದ. ಪಕ್ಕದಲ್ಲಿ ಮಗ ನಿಂತಿದ್ದ. ನಿಜ ಹೇಳಿದರೆ ಈ ಮುಖವನ್ನು ಮತ್ತೆ ಹೇಗೆ ನೋಡುವುದು? ಬೀದಿಯವರು ಏನೆನ್ನುತ್ತಾರೆ? ಪರೀಕ್ಷೆ ಮಾಡುತ್ತಾರಲ್ಲ, ತಾನೇ ಗೊತ್ತಾಗುತ್ತದೆ, ತಾನೇ ಗುಣವಾಗುತ್ತದೆ.

"ಹೌದು, ಇಡಲ್ಲ" ಎಂದ.

ಮಾರನೆಯ ಬೆಳಿಗ್ಗೆ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅಕ್ಕ ಬಂದಳು. ಸೊಸೆಗೆ ಹೊಟ್ಟೆನೋವು ಶುರುವಾಗಿ ಕೆಳಗಿನಿಂದಲೂ ರಕ್ತ ಹೋಗುತ್ತಿತ್ತು.

"ರಟ್ಟಣ್ಣ, ನನ್ ಕಡೆ ನೋಡಿ. ಇಲಿಗೆ ಏನಿಟ್ರಿ?"

"ಬೋನು."

"ರಟ್ಟಿನ ಹಿಂದೆ ಇಲಿ ಸತ್ತು ನಾರ್ತಿತ್ತು ಅಂತ ನಿಮ್ ಸೊಸೆ ಅಂದ್ಲು. ಬೋನಲ್ಲಿ ಸತ್ತ ಇಲಿ ಅಲ್ಲಿಗೆ ಹೋಗಿ ನಾರುತ್ತಾ?"

ಅವನು ಬಿಕ್ಕಿದ. ಎಲ್ಲ ಹೇಳಿದ. ನೀರಿನ ಬಟ್ಟಲಿನದನ್ನೂ ಹೇಳಿದ. ಅಕ್ಕ ಬೈಯಲಿಲ್ಲ. "ಎದ್ದೇಳಿ, ಪೊಟ್ಟಣ ತನ್ನಿ, ಓಡಿ" ಎಂದಷ್ಟೇ ಹೇಳಿ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು.

ಪೊಟ್ಟಣ ನೋಡಿದ ಡಾಕ್ಟರಮ್ಮ ತಕ್ಷಣ ಸೂಜಿಮದ್ದು ಕೊಡಿಸಿದರು. "ಇದಕ್ಕೆ ಮದ್ದಿದೆ. ನಮ್ಮಲ್ಲೇ ಇದೆ. ನಿನ್ನೆ ನಾನು ಕೇಳ್ದಾಗ್ಲೂ ಇತ್ತು" ಎಂದರು.

ಸೊಸೆ ಉಳಿದಳು. ಮಗು ಉಳಿಯಲಿಲ್ಲ.

ಶಾಲೆಯ ಪುಸ್ತಕಗಳಿಗೂ ಅದೇ ಅಂಟು. ಮಕ್ಕಳ ಕೈಗೆ ಹೋಗುವ ಪುಸ್ತಕಗಳು! ಅವುಗಳಲ್ಲಿ ಒಂದೂ ಕಾರ್ಖಾನೆ ದಾಟಿರಲಿಲ್ಲ, ಅಷ್ಟೇ ಪುಣ್ಯ. ಆರೋಗ್ಯ ಕೇಂದ್ರದವರೇ ಬಂದು ಎಲ್ಲವನ್ನೂ ಒಯ್ದರು. ಅವರು ಹೋದ ಮೇಲೆ ಮಗ ಕೆಲಸಕ್ಕೆ ಇಳಿದ. ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು, ಹಿಕ್ಕೆಗಳ ಮೇಲೆ ಬ್ಲೀಚಿಂಗ್ ನೀರು ಸುರಿದು ನೆನೆಸಿ ಒರೆಸಿದ. ತೂತಿಗೆ ಸ್ಟೀಲ್ ನಾರು ತುರುಕಿ ಸಿಮೆಂಟು ಬಳಿದ. ಗೋಡೆಯ ಬುಡದಲ್ಲಿ ಆರು ಬೋನಿಟ್ಟ. ತಗಡಿನ ಡಬ್ಬಗಳನ್ನು ತಂದ. ಬೆಳಿಗ್ಗೆ ಶುರುಮಾಡಿದ್ದು, ಊಟದ ಹೊತ್ತಿಗೆ ಮುಗಿಯಿತು. ಹತ್ತು ದಿನದಲ್ಲಿ ಒಂದು ಇಲಿಯೂ ಉಳಿಯಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈ ಗಾದೆಯ ಅರ್ಥ ಆ ಮನೆಯವರಿಗೆಲ್ಲ ಈಗ ಚೆನ್ನಾಗಿ ಮನವರಿಕೆಯಾಗಿದೆ.

ಆಸ್ಪತ್ರೆಯಿಂದ ಬಂದ ಸೊಸೆ ಹೊಲಿಯುವ ಮಣೆಯ ಹತ್ತಿರ ಹೋಗಲಿಲ್ಲ. ಮಾವನೆದುರು ನಿಂತು ಒಂದೇ ಮಾತು ಕೇಳಿದಳು.

"ಡಾಕ್ಟ್ರು ಕೇಳ್ದಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಅವಳು ತಲೆಯಾಡಿಸಿ ಒಳಗೆ ಹೋದಳು. ಆ ತಿಂಗಳೇ ಮಗ-ಸೊಸೆ ಬೇರೆ ಮನೆ ಮಾಡಿದರು. ರಟ್ಟಣ್ಣ ತಡೆಯಲಿಲ್ಲ. ಯಾವ ಬಾಯಲ್ಲಿ ತಡೆದಾನು?

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಈ ಕಾಗದ ಮಡಿಸಿಡುವ ಮೊದಲು ಎದ್ದು ತೊಟ್ಟಿಯ ಕೆಳಗೊಮ್ಮೆ ಬಗ್ಗಿ ನೋಡಿ. ತೂತಿದ್ದರೆ ಇವತ್ತೇ ಮುಚ್ಚಿ. ಕಾಳು, ಹಿಟ್ಟು, ಅಂಟು, ಏನೇ ಇರಲಿ, ಬಿಗಿ ಡಬ್ಬದಲ್ಲಿಡಿ. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ, ನೆನೆಸಿ ಒರೆಸಿ. ಬೋನಿಡಿ. ಪಾಷಾಣವನ್ನು ಮಾತ್ರ ಯಾವುದರಲ್ಲೂ ಬೆರೆಸಬೇಡಿ, ಮನೆಯವರಿಂದ ಮುಚ್ಚಿಡಬೇಡಿ. ಇಷ್ಟು ಹೇಳಿದ ಮೇಲೂ ತಪ್ಪಾಯಿತೋ, ಪೊಟ್ಟಣ ಹಿಡಿದು ಆಸ್ಪತ್ರೆಗೆ ಓಡಿ. ಡಾಕ್ಟರು ಕೇಳಿದ ಮೊದಲ ಸಲವೇ ಬಾಯಿ ಬಿಡಿ. ಮರ್ಯಾದೆ ಹೋದರೆ ಹೋಗಲಿ.