ಮಾರ್ಲೀನಳ ಗೋಣು

ಮಾರ್ಲೀನ್ ಕುಜ್ಮಾ ತರಬೇತಿ ಕೊಟ್ಟ ಬುದ್ಧಿ ನಿಧಾನದ ಹುಡುಗರಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎನ್ನುವ ಮಾತು ಈರೀ ಎಂಬ ಊರಿನ ಶಾಲೆಗಳಲ್ಲಿ ಓಡಾಡುತ್ತಿತ್ತು. ಸಿಕ್ಕ ಕೆಲಸ ಎಷ್ಟು ದಿನ ನಿಂತಿತು ಎಂದು ವಿಚಾರಿಸುವ ಪದ್ಧತಿ ಮಾತ್ರ ಯಾರಿಗೂ ಇರಲಿಲ್ಲ. ಹುಡುಗ ಕೆಲಸಕ್ಕೆ ಸೇರಿದ ದಿನ ಒಂದು ಫೋಟೋ, ಒಂದು ಕೇಕು, ಶಾಲೆಯ ಗೋಡೆಯ ಮೇಲೆ ಅವನ ಹೆಸರು. ಅಲ್ಲಿಗೆ ಶಾಲೆಯ ಪಾಲಿನ ಪುಣ್ಯಕಾರ್ಯ ಮುಗಿಯಿತು. ಅದೂ ಇಪ್ಪತ್ತೆರಡು ವರ್ಷ ತುಂಬುವವರೆಗೆ, ಇಂಥ ಹುಡುಗರನ್ನು ಶಾಲೆ ಇಟ್ಟುಕೊಳ್ಳುತ್ತಿದ್ದುದು ಅಷ್ಟೇ ದಿನ. ಆಮೇಲೆ ನೀನು ಯಾರೋ, ನಾನು ಯಾರೋ.

ಗೇಬ್ ಪೊಡ್ಲಸ್ಕಿಗೆ ಆ ಜೂನ್‌ನಲ್ಲಿ ಇಪ್ಪತ್ತೆರಡು ತುಂಬುತ್ತಿತ್ತು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಬೆರಳೆಣಿಕೆಯಷ್ಟು. ಬುದ್ಧಿ ನಿಧಾನ ಎಂದು ಡಾಕ್ಟರುಗಳು ಚಿಕ್ಕಂದಿನಲ್ಲೇ ಹೇಳಿ ಕೈ ತೊಳೆದುಕೊಂಡಿದ್ದರು. ಆದರೆ ಒಂದು ಸಲ ತಲೆಗೆ ಹೋದದ್ದು ಅಲ್ಲೇ ಕೂತುಬಿಡುತ್ತಿತ್ತು, ಅಲುಗಾಡುತ್ತಿರಲಿಲ್ಲ. ಅವನನ್ನು ಗುಡ್ಡದ ಮೇಲಿನ ವೃದ್ಧಾಶ್ರಮಕ್ಕೆ ದಿನಾ ಕರೆದೊಯ್ದು ಊಟದ ಟೇಬಲ್ ಸಿದ್ಧಮಾಡುವುದನ್ನು ಕಲಿಸಿದವಳು ಮಾರ್ಲೀನ್. ಕಾಗದದ ಹಾಸು, ಎಡಕ್ಕೆ ಫೋರ್ಕು, ಬಲಕ್ಕೆ ಚಾಕು, ಚಮಚ, ಬೋರಲು ಹಾಕಿದ ಕಪ್ಪು. ಒಂದು ಟೇಬಲ್‌ಗೆ ನಾಲ್ಕು ಜನ. ನಾಲ್ಕನೇ ಕಪ್ಪು ಇಟ್ಟರೆ ಮುಂದಿನ ಟೇಬಲ್.

ಅವಳು ಕಲಿಸಿದ ರೀತಿಯಲ್ಲಿ ಎತ್ತಿ ಆಡುವ ಹಾಗೇನೂ ಇರಲಿಲ್ಲ. ಮೊದಮೊದಲು ಅವನ ಕೈಯ ಮೇಲೆ ತನ್ನ ಕೈಯಿಟ್ಟು ಮಾಡಿಸಿದಳು. ಆಮೇಲೆ ಬೆರಳು ತೋರಿಸಿದರೆ ಸಾಕಾಯಿತು. ಆಮೇಲೆ ಗೋಡೆಗೆ ಒರಗಿ ನಿಂತಳು. ಆಮೇಲೆ ಬಾಗಿಲಲ್ಲಿ. ವಸಂತ ಬರುವಷ್ಟರಲ್ಲಿ ಅವಳು ಗಾಜಿನ ಬಾಗಿಲಿನ ಆಚೆ, ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದಳು. ಒಳಗೆ ಗೇಬ್ ಒಬ್ಬನೇ ಹನ್ನೆರಡು ಟೇಬಲ್ ಮುಗಿಸುತ್ತಿದ್ದ. ನೋಡಿದಾಗಲೆಲ್ಲ ಮಾರ್ಲೀನಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಹೆತ್ತ ಮಗಳು ಕ್ಲೀವ್‌ಲ್ಯಾಂಡಿನಿಂದ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಗೇಬ್ ಅವಳನ್ನು ದಿನಾ ಬೆಳಿಗ್ಗೆ ‘ಮಿಸ್ ಮಾರ್ಲೀನ್’ ಎಂದು ಬಾಯ್ತುಂಬ ಕರೆಯುತ್ತಿದ್ದ.

ಅದೇ ಹುಮ್ಮಸ್ಸಿನಲ್ಲಿ ಅವಳು ಗೇಬ್‌ನ ತಾಯಿ ಬರ್ನಡೆಟ್‌ಗೆ ಒಂದು ಮಾತು ಹೇಳಿದಳು. ಬರ್ನಡೆಟ್ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ದುಡಿಯುವವಳು, ಗಂಡ ಎಂದೋ ಬಿಟ್ಟುಹೋಗಿದ್ದ. ಗೇಬ್‌ನಂಥವರು ಹಗಲೆಲ್ಲ ಕೂತು ಡಬ್ಬಿಗೆ ಸ್ಕ್ರೂ ತುಂಬುವ ಒಂದು ಕೇಂದ್ರದಲ್ಲಿ ಅವನಿಗೊಂದು ಜಾಗ ಸಿಕ್ಕಿತ್ತು. ಅದಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು.

"ಬಿಟ್ಬಿಡು ಬರ್ನಿ ಅದನ್ನ. ಅದು ಏನೂ ಕೈಲಾಗದೋರು ಕೂತ್ಕೊಳ್ಳೋ ಜಾಗ. ನಿನ್ ಮಗ ಸಂಬಳ ತರೋನು," ಎಂದಳು ಮಾರ್ಲೀನ್.

"ಬಿಟ್ರೆ ಮತ್ತೆ ಸಿಗಲ್ಲ ಕಣೆ. ಇವತ್ತು ಬೇಡ ಅಂದ್ರೆ ಸಾಲಿನ ಕೊನೇಗ್ ತಳ್ತಾರೆ. ನಾನ್ ಕೆಲಸಕ್ಕ್ ಹೋದ್ರೆ ಇವ್ನು ಮನೇಲಿ ಒಬ್ಬನೇ ಗೋಡೆ ನೋಡ್ಕೊಂಡ್ ಕೂತಿರ್ಬೇಕು. ನೀನ್ ಗ್ಯಾರಂಟಿಯಾಗ್ ಹೇಳ್ತಿದ್ದೀಯಾ?"

"ನಾನ್ ಹೊರಗ್ ನಿಂತಿರ್ತೀನಿ, ಅವ್ನು ಒಳಗ್ ಒಬ್ಬನೇ ಮಾಡ್ತಾನೆ. ಇನ್ನೇನ್ ಗ್ಯಾರಂಟಿ ಬೇಕು ನಿಂಗೆ?"

ಬರ್ನಡೆಟ್ ಆ ಜಾಗ ಬೇಡವೆಂದು ಹೇಳಿಬಂದಳು. ಮನೆಗೆ ಬಂದು ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಮಾಡಿ, ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಮೇಲೆ ಸುರಿದು, ಒಂದು ತಟ್ಟೆ ಮಾರ್ಲೀನಳ ಮನೆಗೂ ಕಳಿಸಿದಳು.

ವೃದ್ಧಾಶ್ರಮದ ಅಡುಗೆಮನೆ ನೋಡಿಕೊಳ್ಳುವ ಡೆನೀಸ್ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದಳು. ಷರತ್ತು ಒಂದೇ: ಒಂದು ದಿನ ಮಾರ್ಲೀನ್ ಇಲ್ಲದೆ ಅವನು ಕೆಲಸ ಮಾಡಿ ತೋರಿಸಬೇಕು. ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ಬರ್ನಡೆಟ್ ತಾನೇ ಮಗನನ್ನು ಕರೆತಂದು ಬಿಟ್ಟು, ಪಾರ್ಕಿಂಗ್‌ನಲ್ಲಿ ಕಾರಿನಲ್ಲೇ ಕೂತಳು. ಅವತ್ತು ಕಾರ್ಖಾನೆಗೆ ರಜೆ ಹಾಕಿದ್ದಳು. ಮಾರ್ಲೀನ್ ಮನೆಯಲ್ಲಿ ಉಗುರು ಕಚ್ಚಿಕೊಂಡು ಕೂತಿದ್ದಳು. ಹತ್ತೂವರೆ ಸುಮಾರಿಗೆ ಫೋನು ಬಂತು.

"ಬಾ ಇಲ್ಲಿ," ಎಂದಳು ಡೆನೀಸ್. "ನಿನ್ ಹುಡುಗ ಬೆಳಿಗ್ಗೆಯಿಂದ ಒಂದೇ ಟೇಬಲ್ ಹಿಡ್ಕೊಂಡಿದ್ದಾನೆ. ಹಾಕ್ತಾನೆ, ತೆಗೀತಾನೆ. ಹಾಕ್ತಾನೆ, ತೆಗೀತಾನೆ. ನಂಗ್ ಹುಚ್ಚು ಹಿಡಿಯೋದೊಂದ್ ಬಾಕಿ."

ಮಾರ್ಲೀನ್ ಕಾಲಿಗೆ ಸಿಕ್ಕ ಚಪ್ಪಲಿಯಲ್ಲೇ ಹೊರಟಳು. ಪಾರ್ಕಿಂಗ್‌ನಲ್ಲಿ ಬರ್ನಡೆಟ್ ಕಾರಿನ ಗಾಜು ಇಳಿಸಿ "ಏನಾಯ್ತೇ?" ಎಂದು ಕೂಗಿದರೆ ಉತ್ತರ ಕೊಡಲೂ ನಿಲ್ಲಲಿಲ್ಲ. ಬರ್ನಡೆಟ್ ಕಾರಿನಿಂದಿಳಿದು ಹಿಂದೆಯೇ ಓಡಿಬಂದಳು.

ಗಾಜಿನ ಬಾಗಿಲಿನ ಆಚೆ ಗೇಬ್ ಮೊದಲನೇ ಟೇಬಲ್ ಹತ್ತಿರ ಕೈ ಇಳಿಬಿಟ್ಟು ನಿಂತಿದ್ದ. ಟೇಬಲ್ ಮೇಲೆ ನಾಲ್ಕೂ ಜಾಗ ಅಚ್ಚುಕಟ್ಟಾಗಿತ್ತು, ಒಂದು ಚಮಚವೂ ಓರೆಯಿರಲಿಲ್ಲ. ಅವನ ಕಣ್ಣು ಇದ್ದದ್ದು ಬಾಗಿಲ ಮೇಲೆ. ಮಾರ್ಲೀನಳ ಮುಖ ಗಾಜಿನಲ್ಲಿ ಕಂಡದ್ದೇ ತಡ, ಅವನ ಮುಖ ಅರಳಿತು. ಮರುಗಳಿಗೆ ಅವನು ಎರಡನೇ ಟೇಬಲ್‌ಗೆ ಹೋಗಿ ಕಾಗದ ಹಾಸತೊಡಗಿದ.

"ನೋಡ್ದ್ಯಾ? ಮಾಡ್ತಾನೆ! ಹೊಸ ದಿನ ಅಲ್ವಾ, ಗಾಬರಿಯಾಗಿದ್ದ ಅಷ್ಟೇ," ಎಂದಳು ಮಾರ್ಲೀನ್, ಉಸಿರು ಬಿಟ್ಟು.

ಪಕ್ಕದಲ್ಲಿ ನಿಂತಿದ್ದ ಡೆನೀಸ್ ಅವಳನ್ನೇ ನೋಡುತ್ತಿದ್ದಳು. "ಈಗ ನೀನ್ ಏನ್ ಮಾಡ್ದೆ?"

"ನಾನಾ? ನಾನೇನ್ ಮಾಡ್ದೆ? ಸುಮ್ನೆ ನಿಂತಿದ್ದೀನಲ್ಲ."

"ಗೋಣು ಹಾಕ್ದೆ ಮಾರ್ಲೀನ್. ಹೂಂ ಅಂತ ಗೋಣು ಹಾಕ್ದೆ, ಅವ್ನು ಹೊರಟ."

ಮಾರ್ಲೀನ್ ಕೈ ತೆಗೆದಿದ್ದಳು, ಬೆರಳು ತೆಗೆದಿದ್ದಳು, ಮೈಯನ್ನೇ ಕೋಣೆಯಿಂದ ಹೊರಗೆ ತಂದಿದ್ದಳು. ಕತ್ತಿನ ಮೇಲೆ ಒಂದು ತಲೆಯಿದೆ, ಅದು ಅವಳನ್ನು ಕೇಳದೆ ಆಡುತ್ತದೆ ಎನ್ನುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಟೇಬಲ್ ಮುಗಿದಾಗಲೂ ಹುಡುಗ ಕತ್ತೆತ್ತಿ ಬಾಗಿಲು ನೋಡುತ್ತಿದ್ದ. ಪಾಪ, ನನ್ನನ್ನು ಎಷ್ಟು ಹಚ್ಚಿಕೊಂಡಿದ್ದಾನೆ ಎಂದು ಅವಳು ಹಿಗ್ಗುತ್ತಿದ್ದಳು. ಎಂಥಾ ಹಿಗ್ಗು ಅದು, ಹಾಳಾಗಲಿ!

"ಹಾಗಾದ್ರೆ ನೀನೇ ಗೋಣು ಹಾಕು ಡೆನೀಸ್. ಎಷ್ಟ್ ಹೊತ್ತಿನ್ ಕೆಲ್ಸ ಅದು?"

"ಬೆಳಿಗ್ಗೆಯಿಂದ ಕತ್ತು ಬಿದ್ದೋಗೋ ಹಾಗೆ ಆಡ್ಸಿದ್ದೀನಿ ಮಾರಾಯ್ತಿ! ವೆರಿ ಗುಡ್ ಅಂದೆ, ಮುಂದಕ್ ಹೋಗಪ್ಪ ಅಂದೆ, ಕೈ ಹಿಡಿದು ಎಳ್ದೆ. ನನ್ ಕಡೆ ತಿರುಗೂ ನೋಡಲ್ಲ." ಡೆನೀಸ್ ಕೆಟ್ಟವಳಲ್ಲ, ದಣಿದವಳು. ಗಡಿಯಾರ ನೋಡಿದಳು. "ಸರಿ, ಒಂದ್ ಕೆಲ್ಸ ಮಾಡೋಣ. ನೀನ್ ಇಲ್ಲೇ ನಿಲ್ಲು. ತಲೆ ಅಲ್ಲಾಡಿಸ್ಬೇಡ. ಊಟದ ಹೊತ್ತಿನೊಳಗೆ ನಿನ್ ಗೋಣಿಲ್ದೆ ಒಂದೇ ಒಂದ್ ಟೇಬಲ್ ದಾಟ್ಲಿ, ನಾನ್ ಅವ್ನನ್ನ ತಗೋತೀನಿ. ಮಿಕ್ಕಿದ್ದು ನಿಧಾನಕ್ಕ್ ಕಲೀತಾನೆ."

ಬರ್ನಡೆಟ್ ಏದುಸಿರು ಬಿಡುತ್ತಾ ಕಾರಿಡಾರಿನಲ್ಲಿ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಗೇಬ್ ಎರಡನೇ ಟೇಬಲ್‌ನ ನಾಲ್ಕನೇ ಕಪ್ಪು ಇಟ್ಟು ಕತ್ತೆತ್ತಿದ. ಮಾರ್ಲೀನ್ ಕತ್ತು ಬಿಗಿಹಿಡಿದಳು. ಹುಡುಗ ನಕ್ಕ. ಅವಳು ನಗಲಿಲ್ಲ, ನಕ್ಕರೆ ತಲೆ ಆಡೀತೆಂಬ ಹೆದರಿಕೆ. ಅವನು ಸ್ವಲ್ಪ ಕಾದ. ಆಮೇಲೆ ಟೇಬಲ್ ನೋಡಿದ, ತಾನು ಏನು ತಪ್ಪು ಮಾಡಿದೆ ಎಂದು ಹುಡುಕುವವನ ಹಾಗೆ. ಕಪ್ಪುಗಳನ್ನು ಎತ್ತಿದ, ಚಮಚ ತೆಗೆದ, ಕಾಗದ ಸುತ್ತಿದ. ಮತ್ತೆ ಮೊದಲಿನಿಂದ ಹಾಸಿದ. ಈ ಸಲ ಚಾಕುವಿನ ಬಾಯಿ ಒಳಮುಖವಾಗಿದೆಯೇ ಎಂದು ಬಗ್ಗಿ ನೋಡಿದ. ಕತ್ತೆತ್ತಿದ. ಮಾರ್ಲೀನ್ ಕಲ್ಲಾಗಿ ನಿಂತಿದ್ದಳು. ಅವನು ಮತ್ತೆ ತೆಗೆದ.

ದಾಟೋ ಕಂದಾ, ಒಂದು ಹೆಜ್ಜೆ ಅಷ್ಟೇ, ಎಂದು ಅವಳ ಜೀವ ಒಳಗೇ ಕೂಗುತ್ತಿತ್ತು. ಗೋಣು ಹಾಕದಿದ್ದರೆ ತಪ್ಪು ಎಂದು ಅವನಿಗೆ ಕಲಿಸಿದವಳೇ ಈಗ ಗೋಣು ಹಾಕದೆ ನಿಂತಿದ್ದಳು. ಅವನಿಗೆ ತಿಳಿದದ್ದು ಒಂದೇ: ನಾನು ತಪ್ಪು ಮಾಡಿದ್ದೇನೆ, ಮಿಸ್ ಮಾರ್ಲೀನ್‌ಗೆ ಸಿಟ್ಟು ಬಂದಿದೆ.

ಊಟಕ್ಕೆ ಎಲ್ಲರಿಗಿಂತ ಮೊದಲು ಬರುವ ಐರೀನ್ ಅಜ್ಜಿ ವಾಕರ್ ತಳ್ಳಿಕೊಂಡು ಬಂದು ಖಾಲಿ ಟೇಬಲ್ ಒಂದರ ಮುಂದೆ ಕೂತಳು. ಸ್ವಲ್ಪ ಹೊತ್ತು ನೋಡಿದಳು. "ಏನೇ ಡೆನೀಸ್, ಇವತ್ತು ಆ ಟೇಬಲ್‌ಗೆ ಬಿಷಪ್ ಬರ್ತಾರಾ? ನಾವೇನು ಕೈಯಲ್ಲೇ ಸೂಪ್ ಕುಡೀಬೇಕಾ?" ಎಂದು ಗಟ್ಟಿಯಾಗಿ ಕೇಳಿದಳು.

ಗೇಬ್ ಬೆಚ್ಚಿಬಿದ್ದ. ಅವನ ಕೈಯಿಂದ ಒಂದು ಕಪ್ಪು ಜಾರಿ ಉರುಳಿತು, ಒಡೆಯಲಿಲ್ಲ. ಅವನು ಅದನ್ನೆತ್ತಿ ಜಾಗದಲ್ಲಿಟ್ಟು ಬಾಗಿಲ ಕಡೆ ನೋಡಿದ. ಹಣೆಯಲ್ಲಿ ಬೆವರಿತ್ತು. "ಸಾರಿ ಮಿಸ್ ಮಾರ್ಲೀನ್," ಎಂದ. ಗಾಜಿನಾಚೆ ಮಾತು ಕೇಳಿಸಲಿಲ್ಲ, ತುಟಿ ಆಡಿದ್ದು ಕಂಡಿತು. ಆಮೇಲೆ ಎಡಗೈಯಿಂದ ತನ್ನ ಬಲಗೈಗೆ ಫಟೀರನೆ ಹೊಡೆದುಕೊಂಡ. ಇನ್ನೊಂದು ಸಲ ಹೊಡೆದುಕೊಂಡ. ಕೆಟ್ಟದ್ದು ಮಾಡಿದ ಕೈ ಅದು.

ಮೂರನೇ ಏಟಿಗೆ ಮಾರ್ಲೀನ್ ಗೋಣು ಹಾಕಿದಳು.

ಅಷ್ಟೇ ಬೇಕಿತ್ತು. ಹುಡುಗ ಹಣೆ ಒರೆಸಿಕೊಂಡು ಮೂರನೇ ಟೇಬಲ್‌ಗೆ ಹೋದ, ನಾಲ್ಕನೆಯದಕ್ಕೆ ಹೋದ. ಪ್ರತಿ ಸಲವೂ ಕತ್ತೆತ್ತಿದ, ಪ್ರತಿ ಸಲವೂ ಅವಳು ಅಳುತ್ತಾ ಗೋಣು ಹಾಕಿದಳು. ಹನ್ನೆರಡೂ ಟೇಬಲ್‌ಗಳು ಮದುವೆಮನೆಯಂತೆ ಸಿದ್ಧವಾದವು. ಮುದುಕರು ಬಂದು ಕೂತರು, ಸೂಪು ಬಂತು. ಗೇಬ್ ಕೈಕಟ್ಟಿ ನಿಂತು ಎಲ್ಲರನ್ನೂ ನೋಡಿ ನಗುತ್ತಿದ್ದ.

"ನಮ್ಮಲ್ಲಿರೋರು ಯಾರೂ ಇಷ್ಟ್ ಚೆನ್ನಾಗ್ ಹಾಕಲ್ಲ," ಎಂದಳು ಡೆನೀಸ್ ಮೆಲ್ಲಗೆ. "ಆದ್ರೆ ಇವ್ನನ್ನ ತಗೊಂಡ್ರೆ ನಿನ್ನನ್ನೂ ತಗೋಬೇಕಲ್ಲ. ನನ್ನತ್ರ ಇರೋದು ಒಂದೇ ಕೆಲ್ಸ."

"ಇನ್ನು ಸ್ವಲ್ಪ ದಿನ ಕೊಡು. ಬಿಡಿಸ್ತೀನಿ. ನನ್ ಮೇಲೆ ಆಣೆ, ಬಿಡಿಸ್ತೀನಿ."

"ಜೂನ್ ಆದ್ಮೇಲೆ ನಿಮ್ ಶಾಲೆ ಇವ್ನ ಮುಖ ನೋಡುತ್ತಾ? ನಿನ್ನನ್ನ ಇಲ್ಲಿಗ್ ಕಳ್ಸುತ್ತಾ? ಹೇಳು." ಡೆನೀಸ್ ಅಡುಗೆಮನೆಗೆ ಹೋದಳು.

ಪಾರ್ಕಿಂಗ್‌ವರೆಗೆ ಮೂವರೂ ನಡೆದು ಬಂದರು. ಗೇಬ್ ಗುನುಗುತ್ತಿದ್ದ. ಕಾರಿನ ಹತ್ತಿರ ಬಂದಾಗ ಅವನು ನಿಂತು, "ನಾಳೆ ಬರ್ಬೇಕಾ?" ಎಂದು ಕೇಳಿ, ಮಾರ್ಲೀನಳ ಮುಖ ನೋಡಿದ.

ಬರ್ನಡೆಟ್‌ಗೆ ಅದು ಸಾಕಾಯಿತು. ಮಗನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅವಳನ್ನ ನೋಡ್ಬೇಡ! ಕೇಳಿಸ್ತಾ? ಅವಳ ಮುಖ ನೋಡ್ಲೇಬೇಡ ನೀನು, ಯಾವತ್ತೂ!"

"ಬರ್ನಿ, ನಂಗ್ ಗೊತ್ತಿರ್ಲಿಲ್ಲ ಕಣೆ, ದೇವ್ರಾಣೆಗೂ..."

"ಗೊತ್ತಿರ್ಲಿಲ್ವಾ? ನಂಗ್ ಗ್ಯಾರಂಟಿ ಕೊಟ್ಟಿದ್ದು ಯಾರೇ? ಇದ್ದ ಒಂದ್ ಜಾಗಾನೂ ನನ್ ಕೈಯಾರೆ ಬಿಡಿಸ್ದೆ. ನೀನ್ ಹೋಗಿ ಇನ್ನೊಬ್ಬನಿಗ್ ಕಲ್ಸು, ಹೋಗು. ನಿಂಗೇನ್ ಬರಗಾಲವಾ?"

ಅವಳ ಮಾತು ಸುಳ್ಳಾಗಲಿಲ್ಲ. ಸೋಮವಾರವೇ ಶಾಲೆ ಮಾರ್ಲೀನಳಿಗೆ ಹೊಸ ಹುಡುಗಿಯೊಬ್ಬಳನ್ನು ವಹಿಸಿತು. ಗೇಬ್‌ನ ವಿಷಯದಲ್ಲಿ ಮೇಲಿನವರು "ಅವನಿಗೆ ಒಳ್ಳೆಯ ಅನುಭವವಾಯಿತು" ಎಂದರು. ಯಾರಿಗೆ ಏನು ಅನುಭವವಾಯಿತೋ ದೇವರೇ ಬಲ್ಲ. ಜೂನ್‌ನಲ್ಲಿ ಅವನಿಗೂ ಒಂದು ಕೇಕು ಕತ್ತರಿಸಿ, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಆ ದಿನ ಮಾರ್ಲೀನ್ ಮೈಗೆ ಹುಷಾರಿಲ್ಲವೆಂದು ಹೇಳಿ ಮನೆಯಲ್ಲೇ ಉಳಿದಳು.

ಮತ್ತೆ ಅವಳು ಅವನನ್ನು ಕಂಡದ್ದು ಮುಂದಿನ ವರ್ಷ, ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ, ಚರ್ಚಿನ ನೆಲಮಾಳಿಗೆಯಲ್ಲಿ. ಮಾಂಸ ಬಿಟ್ಟು ಮೀನು ತಿನ್ನುವ ದಿನ ಅದು, ಕರಿದ ಮೀನಿಗೆ ಊರೆಲ್ಲ ಸಾಲು ನಿಂತಿತ್ತು. ತಾಯಿ ಮಗ ಇಬ್ಬರೂ ಸ್ವಲ್ಪ ಮುಂದೆ ಇದ್ದರು. ಗೇಬ್ ದಪ್ಪಗಾಗಿದ್ದ, ಮುಖ ಬಿಳಿಚಿತ್ತು, ಹಗಲು ಬೆಳಕು ಕಂಡು ಎಷ್ಟೋ ದಿನವಾದವನ ಹಾಗೆ. ಬರ್ನಡೆಟ್ ಸೊರಗಿದ್ದಳು. ಅವಳೇ ಮೊದಲು ಮಾರ್ಲೀನಳನ್ನು ನೋಡಿದ್ದು. ನೋಡಿ, ಮುಖ ತಿರುಗಿಸಲಿಲ್ಲ. ಇಷ್ಟು ದಿನ ಮಾತಾಡಲು ಯಾರೂ ಸಿಗದವಳ ಹಾಗೆ ಅರ್ಧ ನಕ್ಕಳು. ಆ ನಗು ಕಂಡು ಮಾರ್ಲೀನ್ ಸಾಲು ಬಿಟ್ಟು ಹತ್ತಿರ ಬಂದಳು.

"ಗೇಬ್, ಹೇಗಿದ್ದೀಯೋ? ನಾನ್ ಕಣೋ."

ಗೇಬ್ ಆ ದನಿ ಕೇಳಿದ. ಕಣ್ಣು ಬಿಗಿಯಾಗಿ ಮುಚ್ಚಿ, ಗೋಡೆಯ ಕಡೆ ತಿರುಗಿ, ಹಣೆಯನ್ನು ಗೋಡೆಗೆ ಒತ್ತಿಕೊಂಡ.

ಬರ್ನಡೆಟ್ ಅವನ ತೋಳು ಹಿಡಿದಳು. "ಪರವಾಗಿಲ್ಲ ಕಣೋ, ನೋಡು. ಅಮ್ಮ ಅವತ್ತು ಸಿಟ್ಟಲ್ಲಿ ಅಂದಿದ್ದು. ಈಗ ನೋಡ್ಬಹುದು. ನೋಡೋ ಚಿನ್ನ, ಮಿಸ್ ಮಾರ್ಲೀನ್ ಬಂದಿದ್ದಾಳೆ."

ಅವನು ತಿರುಗಲಿಲ್ಲ. ಬರ್ನಡೆಟ್ ಇನ್ನೊಂದು ಸಲ ಹೇಳಿದಳು, ಮತ್ತೊಂದು ಸಲ ಬೇಡಿಕೊಂಡಳು. ಹಿಂದಿದ್ದವರು ಮುಂದಕ್ಕೆ ಹೋಗಿ ಎಂದು ಗೊಣಗತೊಡಗಿದರು. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಬಯ್ಯುವುದಕ್ಕೂ, ಕ್ಷಮೆ ಕೇಳುವುದಕ್ಕೂ ಈಗ ಇಬ್ಬರಲ್ಲೂ ಏನೂ ಉಳಿದಿರಲಿಲ್ಲ. ಆಮೇಲೆ ಮಾರ್ಲೀನ್ ಮೆಟ್ಟಿಲು ಹತ್ತಿ ಹೊರಗೆ ಹೋದಳು, ಹುಡುಗ ಕಣ್ಣು ತೆರೆಯಲೆಂದು.