ಥಿತ್ ಪಾನನ ಬಲಗೈ

ಸತ್ತ ಅಪ್ಪ ಥಿತ್ ಪಾನನ ಬಲಗೈಯ ಮೇಲೆ ಹೂವಿನ ನೀರು ಹೊಯ್ಯುತ್ತಿದ್ದ ಪಿಮ್ಮಾಳನ್ನು ಗುಮಾಸ್ತ ಹೊಮ್ ಕೈ ಅಡ್ಡ ಹಾಕಿ ತಡೆದ.

"ನಿಲ್ಲಕ್ಕ. ಮಣಿಕಟ್ಟಿನ ದಾರ ಕತ್ತರಿಸ್ಬೇಕು. ಹಚ್ಚೆ ನೋಡಿದ ಮೇಲೇನೇ ಹೆಣ ಎತ್ತೋದು. ದೊರೆಗಳ ಅಪ್ಪಣೆ."

ಸಯಾಮಿನ ಸೈನ್ಯ ಇವರ ರಾಜಧಾನಿ ವಿಯೆಂಟಿಯಾನ್ ನಗರವನ್ನು ಸುಟ್ಟು, ಜನರನ್ನು ಮೆಕಾಂಗ್ ನದಿಯ ಈಚೆ ದಡಕ್ಕೆ ಅಟ್ಟಿಕೊಂಡು ಬಂದು ಮೂವತ್ತು ವರ್ಷಗಳಾಗಿದ್ದವು. ಬಂದ ಗಂಡಸರಿಗೂ ಅವರ ಗಂಡುಮಕ್ಕಳಿಗೂ ಮಣಿಕಟ್ಟಿನಲ್ಲಿ ಒಡೆಯನ ಹೆಸರಿನ ಹಚ್ಚೆ. ಥಿತ್ ಪಾನನ ಹಚ್ಚೆಯನ್ನು ಮಾತ್ರ ಮನೆಯವರೇ ಕಂಡಿರಲಿಲ್ಲ. ಜೀವ ಮೈಬಿಟ್ಟು ಅಲೆಯದಿರಲೆಂದು ಹಿರಿಯರು ಕಟ್ಟುವ ಬಿಳಿ ದಾರವನ್ನು ಉಳಿದವರು ಮೂರು ದಿನಕ್ಕೆ ಬಿಚ್ಚುತ್ತಿದ್ದರು. ಆತ ಒಂದನ್ನೂ ಬಿಚ್ಚಿದವನಲ್ಲ. ಮಣಿಕಟ್ಟು ನೂಲಿನ ಉಂಡೆಯಾಗಿತ್ತು.

"ಆ ದಾರ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ," ಎಂದಳು ಪಿಮ್ಮಾ. " ನಿನ್ನ ಕೈಲೂ ಅದೇ ಹಚ್ಚೆ ಇದೆಯಲ್ಲೋ! ನಮ್ಮ ಓಣೀಲೇ ಹುಟ್ಟಿ ಅವರ ನಾಯಿ ಆದ್ಯಾ?"

"ನಾಯಿಗೂ ಹೊಟ್ಟೆ ಇದೆಯಕ್ಕ," ಎಂದ ಹೊಮ್, ನೆಲ ನೋಡುತ್ತ.

ನೆರೆಮನೆಯ ಕೇವಜ್ಜಿ ಎಲೆಯಡಿಕೆ ಉಗಿದಳು. "ಹತ್ತು ಲಕ್ಷ ಆನೆ ಕತೆ ಹೇಳ್ತಿದ್ದ, ಪುಣ್ಯಾತ್ಮ. ಅವತ್ತು ಒಂದಾದ್ರೂ ಆನೆ ಘೀಳಿಟ್ಟಿದ್ರೆ ಇವತ್ತು ಈ ಕತ್ತರಿ ಬರ್ತಿತ್ತಾ?"

*

ಸಂಜೆ ಮೀನಿನ ಬುಟ್ಟಿ ಹೆಣೆಯುತ್ತ ಅಪ್ಪ ಹೇಳುತ್ತಿದ್ದುದು ಅದೊಂದೇ ಕತೆ.

"ಮೊದಲ ರಾಜ ಚದುರಿದ ಊರುಗಳನ್ನೆಲ್ಲ ಒಂದು ಮಾಡಿ, ಲಾನ್ ಸಾಂಗ್ ಅಂತ ಹೆಸರಿಟ್ಟ. ಹತ್ತು ಲಕ್ಷ ಆನೆಗಳ ನಾಡು, ಮಗಳೇ! ಮುನ್ನೂರೈವತ್ತು ವರ್ಷ ಮೆರೀತು. ಆಮೇಲೆ ದಾಯಾದಿಗಳು ಕಿತ್ತಾಡಿದ್ರು." ಕೈಯಲ್ಲಿದ್ದ ಬಿದಿರನ್ನು ಮೂರಾಗಿ ಸೀಳುತ್ತಿದ್ದ. "ಮೂರು ಸಿಂಹಾಸನ. ಕೊನೆಗೆ ಮೂರಕ್ಕೂ ಸಯಾಮೇ ಯಜಮಾನ. ನಮ್ಮ ರಾಜ ತಿರುಗಿಬಿದ್ದ. ಊರೇ ಬೂದಿ ಆಯ್ತು."

"ನೀನೇನು ಮಾಡ್ದೆ ಅಪ್ಪ?" ಎಂದು ತಮ್ಮ ಓನ್‌ಸಿ ಕೇಳಿದ್ದ.

ಅಪ್ಪ ನೂಲಿನ ಉಂಡೆಯನ್ನು ಸವರಿಕೊಂಡಿದ್ದ. "ನಾನಾ? ಹಚ್ಚೆ ಹಾಕಿದ ದಿನಾನೇ ಕೆಂಡ ಇಟ್ಟು ಸುಟ್ಕೊಂಡೆ. ಈ ಕೈಯಲ್ಲಿ ಯಾರ ಹೆಸರೂ ಇಲ್ಲ."

ಹದಿನೆಂಟು ತುಂಬಿ ತನಗೂ ಹಚ್ಚೆ ಬಿದ್ದಾಗ ಓನ್‌ಸಿ ಅದರ ಮೇಲೆ ಕೆಂಡ ಇಟ್ಟುಕೊಂಡ. ಅವನನ್ನು ಬಯಲಲ್ಲಿ ಕಟ್ಟಿ ಬೆತ್ತದಲ್ಲಿ ಹೊಡೆದರು. ಮೂರನೆಯ ದಿನ ಸತ್ತ. ಅಪ್ಪ ಆಮೇಲೆ ಕತೆ ಹೇಳಲಿಲ್ಲ, ದಾರವನ್ನೂ ಬಿಚ್ಚಲಿಲ್ಲ.

*

ಹಚ್ಚೆ ಸುಟ್ಟುಕೊಂಡವನು ಸತ್ತಿದ್ದರೆ ಶಿಕ್ಷೆ ಮನೆಯ ಗಂಡಸರಿಗೆ. ಸುಟ್ಟ ಕಲೆ ಕಂಡರೆ ತನ್ನ ಇಬ್ಬರು ಗಂಡುಮಕ್ಕಳ ಬೆನ್ನಿಗೂ ಬೆತ್ತ ಕಾದಿದೆಯೆಂದು ಪಿಮ್ಮಾಳಿಗೆ ಗೊತ್ತಿತ್ತು. ಅವಳು ಹೆಣದ ಕೈಯನ್ನು ಎದೆಗವಚಿಕೊಂಡಳು. ಹೊಮ್‌ನ ಜೊತೆಗೆ ಬಂದಿದ್ದ ಇಬ್ಬರು ಅವಳ ತೋಳು ಹಿಡಿದೆಳೆದರು. ಕತ್ತರಿ ಆಡಿತು. ನೂಲಿನ ಉಂಡೆ ಚಾಪೆಯ ಮೇಲೆ ಬಿತ್ತು.

ಮಣಿಕಟ್ಟು ನುಣ್ಣಗಿತ್ತು. ಮೂವತ್ತು ವರ್ಷ ಬಿಸಿಲು ಕಾಣದ ಬಿಳಿಚಿದ ತೊಗಲ ಮೇಲೆ ಹಚ್ಚೆ ನಿನ್ನೆ ಬರೆದಂತಿತ್ತು.

"ಸರಿಯಾಗಿದೆ. ಒಂದಕ್ಷರವೂ ಮಾಸಿಲ್ಲ," ಎಂದ ಹೊಮ್. "ಎತ್ರಪ್ಪ."

ಮಕ್ಕಳು ಉಳಿದರು. ಪಿಮ್ಮಾಳಿಗೆ ನಿಟ್ಟುಸಿರು ಬರಲಿಲ್ಲ. ಹಲ್ಲು ಕಚ್ಚಿಕೊಂಡೇ ಸುಡುಗಾಡಿನವರೆಗೂ ನಡೆದಳು. ಚಿತೆಯ ಬಳಿ ಭಿಕ್ಷು ಮಂತ್ರ ಮುಗಿಸಿದಾಗ, ಬೆಂಕಿಯ ಮಡಕೆಯಿಂದ ಒಂದು ಕೆಂಡವನ್ನು ಇಕ್ಕಳದಲ್ಲಿ ಎತ್ತಿಕೊಂಡಳು.

"ತಲೆ ಹತ್ರ ಇಡೇ ಮಗಳೇ," ಎಂದಳು ಕೇವಜ್ಜಿ.

ಪಿಮ್ಮಾ ಹೊದಿಕೆಯೊಳಗಿಂದ ಅಪ್ಪನ ಬಲಗೈಯನ್ನು ಎಳೆದು, ಸೌದೆಯ ಮೇಲೆ ಅಂಗಾತ ಚಾಚಿದಳು. ಕೊನೆಯ ಅಕ್ಷರ ಸುರುಟಿಹೋಗುವವರೆಗೂ ಕೆಂಡವನ್ನು ಅಲ್ಲಿಂದ ಕದಲಿಸಲಿಲ್ಲ.